ಐದನೆಯ ಮನೆ

“ಗುರುಗಳೇ, ಕೆಟ್ಟದ್ದರ ಗುರುತು ಎಷ್ಟು ಕಂಡರೆ ನಂಬಬೇಕು?”

ಬೆಳಗಿನ ಪಾಠ ಮುಗಿದ ಮೇಲೆ ಮಠದ ಜಗಲಿಯಲ್ಲಿ ಶಿಷ್ಯ ಹೀಗೆ ಕೇಳಿದ. ಅವನು ಹೆದರುವ ಸ್ವಭಾವದವನು. ಒಂದು ಕೆಟ್ಟ ಸುದ್ದಿ ಬಂದರೆ ಮಂಕಾಗುತ್ತಿದ್ದ, ಎರಡು ಬಂದರೆ ಊಟ ಬಿಡುತ್ತಿದ್ದ, ಮೂರು ಬಂದರೆ ಗಂಟುಮೂಟೆ ಕಟ್ಟುತ್ತಿದ್ದ. ಆಮೇಲೆ ಏನೂ ಆಗದಿದ್ದರೆ ನಾಚಿಕೊಂಡು, ಇನ್ನು ಮೇಲೆ ಆಕಾಶವೇ ಕಳಚಿ ಬಿದ್ದರೂ ಜಗ್ಗುವುದಿಲ್ಲ ಎಂದು ಆಣೆ ಮಾಡುತ್ತಿದ್ದ. ಆ ಆಣೆ ಮುಂದಿನ ಕೆಟ್ಟ ಸುದ್ದಿ ಬರುವವರೆಗೆ ಇರುತ್ತಿತ್ತು.

ಗುರುಗಳು ನಕ್ಕರು. ಹಲ್ಲಿ ಲೊಚಗುಟ್ಟಿದರೂ ಲೆಕ್ಕ ಇಡುವವನು ನೀನು, ನಿನಗೆ ಇಷ್ಟು ಎಂದು ಹೇಳಿದರೆ ನಾಳೆಗೇ ಅದನ್ನು ಬದಲಿಸುತ್ತೀಯ ಎಂದರು. ಅದರ ಬದಲು ಒಬ್ಬ ತಳವಾರನ ಕತೆ ಹೇಳುತ್ತೇನೆ, ನಡುವೆ ಬಾಯಿ ಹಾಕದೆ ಕೇಳು ಎಂದು ಹೇಳತೊಡಗಿದರು.

ಒಂದು ಊರು. ಹೆಸರು ಯಾಕೆ, ಇಲಿ ಇಲ್ಲದ ಊರುಂಟೇ? ಆ ಊರನ್ನು ಕಾಯುವವನು ಒಬ್ಬ ತಳವಾರ. ಕಳ್ಳರಿಂದ ಕಾಯಬೇಕು, ತುಡುಗು ದನದಿಂದ ಕಾಯಬೇಕು. ಆ ಕಾಲದಲ್ಲಿ ಇನ್ನೊಂದರಿಂದಲೂ ಕಾಯಬೇಕಿತ್ತು. ಅದು ಪ್ಲೇಗು.

ಪ್ಲೇಗು ಬರುವ ಮೊದಲು ಇಲಿ ಬೀಳುತ್ತಿದ್ದವು. ಅಟ್ಟದ ಮೂಲೆಯಲ್ಲಿ, ಕಣಜದ ಸಂದಿಯಲ್ಲಿ, ನೀರೊಲೆಯ ಹಿಂದೆ ಸತ್ತು ಬಿದ್ದಿರುತ್ತಿದ್ದವು. ಆಮೇಲೆ ಮನುಷ್ಯರ ಕಂಕುಳಲ್ಲಿ ಗೆಡ್ಡೆ ಏಳುತ್ತಿತ್ತು. ಗೆಡ್ಡೆ ಎದ್ದವನು ಉಳಿಯುತ್ತಿರಲಿಲ್ಲ. ಬಹಳ ಸಲ ಅವನ ಬಾಯಿಗೆ ನೀರು ಬಿಟ್ಟವನೂ ಉಳಿಯುತ್ತಿರಲಿಲ್ಲ. ಅದಕ್ಕೆ ಮದ್ದಿಲ್ಲ. ಇದ್ದ ಉಪಾಯ ಒಂದೇ, ಇಲಿ ಬಿದ್ದ ಕೂಡಲೇ ಊರು ಬಿಟ್ಟು ಬಯಲಿನಲ್ಲಿ ಗುಡಿಸಲು ಹಾಕಿಕೊಂಡು ಇರುವುದು.

ಉಪಾಯವೇನೋ ಸರಿ. ಆದರೆ ಏನೂ ಇಲ್ಲದ ವರ್ಷವೂ ಇಲಿ ಸಾಯುತ್ತವಲ್ಲ. ಮುದಿಯಾಗಿ ಸಾಯುತ್ತವೆ, ಒಂದಕ್ಕೊಂದು ಕಚ್ಚಾಡಿ ಸಾಯುತ್ತವೆ. ಹಾಗಾದರೆ ಯಾವ ಇಲಿ ತನ್ನ ಪಾಡಿಗೆ ತಾನು ಸತ್ತದ್ದು, ಯಾವ ಇಲಿ ನಮ್ಮ ಸಾವನ್ನು ಹೇಳಲು ಬಂದದ್ದು? ಸತ್ತ ಇಲಿಯನ್ನು ಕೇಳಿದರೆ ಅದು ಹೇಳುವುದಿಲ್ಲ.

ಊರು ಇದರಲ್ಲಿ ಎರಡು ಸಲ ಬೆಲೆ ತೆತ್ತಿತ್ತು. ಮೊದಲ ಸಲ ಎತ್ತ ನೋಡಿದರೂ ಇಲಿ ಬಿದ್ದವು. ಹಿರಿಯರು, ಇಲಿ ಸಾಯದ ವರ್ಷ ಯಾವುದಿದೆ ಎಂದು ಹೇಳಿ ಕದ ಹಾಕಿಕೊಂಡು ಮಲಗಿದರು. ಊರಿನ ಅರ್ಧ ಹೋಯಿತು. ತಳವಾರನ ಅಪ್ಪ ಹೋದ, ಅವ್ವ ಹೋದಳು, ಅಣ್ಣ ಹೋದ. ಹೊರುವುದಕ್ಕೆ ನಾಲ್ಕು ಜನ ಸಿಗದೆ ತಳವಾರ ಒಬ್ಬೊಬ್ಬರನ್ನೇ ಹೆಗಲ ಮೇಲೆ ಹಾಕಿಕೊಂಡು ಹೋಗಿ ಮಣ್ಣು ಮಾಡಿ ಬಂದ.

ಹಾವು ಕಚ್ಚಿದವನಿಗೆ ಹಗ್ಗವೂ ಹಾವೇ. ಕೆಲವು ವರ್ಷ ಕಳೆದು, ಎರಡು ಮನೆಯಲ್ಲಿ ಇಲಿ ಬಿದ್ದವೆಂದು ಇಡೀ ಊರು ಬಯಲಿಗೆ ಓಡಿತು. ಕೊರೆಯುವ ಚಳಿ. ತಳವಾರನ ಹೆಂಡತಿ ಹಸಿ ಬಾಣಂತಿ. ಗುಡಿಸಲಿನ ಗರಿಯ ಸಂದಿಯಿಂದ ಗಾಳಿ ನುಗ್ಗುತ್ತಿತ್ತು. ಅವಳಿಗೆ ಶೀತ ಏರಿ ಸನ್ನಿಯಾಯಿತು, ಹೋಗಿಬಿಟ್ಟಳು. ಮಗ್ಗುಲಲ್ಲಿದ್ದ ಹೆಣ್ಣು ಕೂಸು ಉಳಿಯಿತು. ಆ ಚಳಿಗೆ ಇನ್ನೂ ಕೆಲವರು ಹೋದರು. ಆ ಸಲ ಪ್ಲೇಗು ಬಂದೇ ಇರಲಿಲ್ಲ. ನಾವು ಎಲ್ಲಿಗೂ ಬರಲಾರೆವು ಎಂದು ಹಠ ಮಾಡಿ ಊರಲ್ಲೇ ಉಳಿದ ನಾಲ್ಕು ಮುದುಕರು ಚಳಿಗಾಲವೆಲ್ಲ ಬೆಚ್ಚಗೆ ಉಂಡು ಮಲಗಿ ಎದ್ದಿದ್ದರು.

ಅತ್ತ ದರಿ, ಇತ್ತ ಪುಲಿ ಎನ್ನುತ್ತಾರಲ್ಲ, ಹಾಗಾಯಿತು. ಕೂತರೂ ಸಾವು, ಎದ್ದರೂ ಸಾವು. ಎರಡು ಕಡೆಯೂ ಕಳೆದುಕೊಂಡವನು ಊರಲ್ಲಿ ತಳವಾರ ಒಬ್ಬನೇ.

ಅದಾದ ಮೇಲೆ ಊರಿಗೆ ಬುದ್ಧಿ ಬಂತು. ಕೆಟ್ಟ ಮೇಲೆ ಬಂದದ್ದಾದರೂ ಬಂತಲ್ಲ. ಊರಿನ ಹಿರಿಯಜ್ಜಿ ಒಬ್ಬಳು, ಮನೆಗೆ ಬೆಂಕಿ ಬಿದ್ದಾಗ ಬಾವಿ ತೋಡುವವರು ನೀವು, ಈ ಬಾವಿಯನ್ನಾದರೂ ಬೆಂಕಿ ಇಲ್ಲದಾಗ ತೋಡಿ ಎಂದು ಗಂಡಸರಿಗೆ ಛೀಮಾರಿ ಹಾಕಿದಳು. ಏನೂ ಇಲ್ಲದ ವರ್ಷದಲ್ಲಿ ಎಷ್ಟು ಮನೆಯಲ್ಲಿ ಇಲಿ ಸಾಯುತ್ತವೆ ಎಂದು ಮೊದಲು ನೋಡಿಕೊಳ್ಳಿ ಎಂದಳು. ಮುಂದಿನ ಕೆಲವು ವರ್ಷ ಪ್ಲೇಗಿನ ಸುಳಿವಿರಲಿಲ್ಲ. ತಳವಾರ ಪ್ರತಿ ವರ್ಷವೂ ಊರಿನ ಎಲ್ಲ ಅಟ್ಟ ಹತ್ತಿ ಇಳಿದ. ಹತ್ತು ಮನೆಗೆ ಒಂದು ಮನೆಯಲ್ಲಿ ಸತ್ತ ಇಲಿ ಸಿಗುತ್ತಿತ್ತು. ಅದು ಸುಖದ ವರ್ಷದ ಪಾಡು ಎಂದಾಯಿತು.

ಆಮೇಲೆ ಒಂದು ಬೇಸಿಗೆಯಲ್ಲಿ ಎಲ್ಲರೂ ಚಾವಡಿಯಲ್ಲಿ ಸೇರಿದರು. ಚಳಿ ಹಿಡಿಯುವ ಹೊತ್ತಿಗೆ ಇಪ್ಪತ್ತು ಮನೆ ನೋಡುವುದೆಂದು ನಿಶ್ಚಯವಾಯಿತು. ಎಲ್ಲವನ್ನೂ ಯಾಕೆ ನೋಡಬಾರದು ಎಂದು ಯಾರೋ ಕೇಳಿದರು. ಒಬ್ಬನೇ ಊರೆಲ್ಲ ಹತ್ತಿ ಇಳಿದು ಮುಗಿಸುವ ಹೊತ್ತಿಗೆ ಪ್ಲೇಗು ಒಳಗೆ ಬಂದು ಚಾಪೆ ಹಾಸಿಕೊಂಡಿರುತ್ತದೆ ಎಂದು ತಳವಾರ ಹೇಳಿದ. ಯಾವ ಇಪ್ಪತ್ತು ಎನ್ನುವುದಕ್ಕೆ ಚೀಟಿ ಎತ್ತಿದ ಹಾಗೆ, ಮನೆಗೊಂದು ಗುರುತಿನ ಬಿಲ್ಲೆಯನ್ನು ಗಡಿಗೆಗೆ ಹಾಕಿ ಕಣ್ಣು ಮುಚ್ಚಿ ತೆಗೆಯಬೇಕು. ಮನೆಯವರೇ ನೋಡಿದರೆ ಹೆದರಿ ಇಲಿಯನ್ನು ಬಚ್ಚಿಟ್ಟಾರು. ಅದಕ್ಕೆ ಅಟ್ಟವನ್ನು ತಳವಾರನೊಬ್ಬನೇ ಹತ್ತಬೇಕು. ಬೆಕ್ಕಿನ ಹಲ್ಲು ತಾಗಿದ ಇಲಿ ಲೆಕ್ಕಕ್ಕಿಲ್ಲ. ಇಷ್ಟೂ ಸುಲಭವಾಗಿಯೇ ಮುಗಿಯಿತು.

ಕಷ್ಟವಾದದ್ದು ಎಷ್ಟಾದರೆ ಹೊರಡಬೇಕು ಎನ್ನುವುದು. ಸುಖದ ವರ್ಷದಲ್ಲೂ ಇಪ್ಪತ್ತರಲ್ಲಿ ಎರಡು ಮನೆ ಇದ್ದೇ ಇರುತ್ತದೆ. ಆದರೆ ಆಕಸ್ಮಿಕಕ್ಕೆ ಅಳತೆಗೋಲು ಹಿಡಿದು ನಡೆಯುವ ಅಭ್ಯಾಸವಿಲ್ಲ. ಒಂದು ಸಲ ಒಂದು ಬರುತ್ತದೆ, ಒಂದು ಸಲ ಮೂರು. ಎಲ್ಲಿಯವರೆಗೆ ಅದು ಬರೀ ಆಕಸ್ಮಿಕ? ಊರಿನ ಕುಂಬಾರ ಎದ್ದು ಹೋಗಿ ಒಂದು ಗುಡಾಣದ ತುಂಬ ಒಡೆದ ಮಡಕೆಯ ಚೂರು ತಂದ. ಹತ್ತಕ್ಕೆ ಒಂದರಂತೆ ಮಸಿ ಬಳಿದ. ಕಣ್ಣು ಮುಚ್ಚಿ ಇಪ್ಪತ್ತು ಚೂರು ತೆಗೆಯಿರಿ, ಮಸಿಯವು ಎಷ್ಟು ಬರುತ್ತವೆ ನೋಡೋಣ ಎಂದ. ಈ ಗುಡಾಣಕ್ಕೆ ಪ್ಲೇಗು ಗೊತ್ತಿಲ್ಲ, ಇದರಲ್ಲಿ ಬರುವುದೆಲ್ಲ ಬರೀ ಆಕಸ್ಮಿಕ ಎಂದ.

ಊರಿಗೆ ಊರೇ ಸರದಿಯಲ್ಲಿ ಕೈ ಹಾಕಿತು. ತೆಗೆದರು, ಎಣಿಸಿದರು, ಮತ್ತೆ ಹಾಕಿ ಕಲಸಿದರು. ಒಂದು, ಎರಡು ಮೇಲಿಂದ ಮೇಲೆ ಬಂದವು. ಮೂರೂ ಬಂತು. ನಾಲ್ಕೋ ಅದಕ್ಕೆ ಮೇಲೋ ಬರುವುದು ಏಳೆಂಟು ಸಲಕ್ಕೆ ಒಮ್ಮೆ. ಐದೋ ಅದಕ್ಕೆ ಮೇಲೋ ಬರಬೇಕಾದರೆ ಇಪ್ಪತ್ತು ಸಲಕ್ಕಿಂತ ಹೆಚ್ಚು ಕೈ ಹಾಕಬೇಕಿತ್ತು. ಆರು ಬರುವ ಹೊತ್ತಿಗೆ ಎಲ್ಲರ ಕೈಯೂ ಮಸಿಯಾಗಿತ್ತು, ಹೊತ್ತೂ ಇಳಿದಿತ್ತು.

ಊರಿನ ವರ್ತಕ ಬುದ್ಧಿವಂತ. ಲೆಕ್ಕ ಅಂದಮೇಲೆ ಎರಡು ಕಡೆಯೂ ಇರಬೇಕು, ಒಂದು ಮನೆಯಲ್ಲೂ ಇಲಿ ಬೀಳದಿದ್ದರೆ ಆಗೇನು ಎಂದು ಕೇಳಿದ. ಬೀಳದಿದ್ದರೆ ಬೆಕ್ಕಿಗೆ ಹಬ್ಬ, ನಿನಗೇನು ನಷ್ಟ ಎಂದಳು ಹಿರಿಯಜ್ಜಿ. ನಾವು ಹೆದರುವುದು ಒಂದೇ ಕಡೆಗೆ, ಗೆರೆಯನ್ನೂ ಒಂದೇ ಕಡೆ ಎಳೆದರೆ ಸಾಕು ಎಂದಳು. ಎಲ್ಲರೂ ನಕ್ಕರು. ಆ ದಿನ ಚಾವಡಿಯಲ್ಲಿ ನಕ್ಕದ್ದು ಅದೊಂದೇ ಸಲ.

ಪ್ಲೇಗಿನಲ್ಲಿ ಕಳೆದುಕೊಂಡವರು ಮೂರಕ್ಕೇ ಹೊರಡೋಣ ಎಂದರು. ಚಳಿಯಲ್ಲಿ ಕಳೆದುಕೊಂಡವರು ಆರಾಗಲಿ, ಏಳಾಗಲಿ ಎಂದರು. ಮಾತು ಬೆಳೆಯಿತು. ಕೊನೆಗೆ ಎಲ್ಲರೂ ತಳವಾರನ ಮುಖ ನೋಡಿದರು. ಅವನ ಪಕ್ಕದಲ್ಲಿ ಅವನ ಮಗಳು ಹೊನ್ನಿ, ಆಗಿನ್ನೂ ಲಂಗ ತೊಡುವ ಹುಡುಗಿ, ಚೂರುಗಳಲ್ಲಿ ಕುಂಟೆಬಿಲ್ಲೆಗೆ ಒಳ್ಳೆಯದನ್ನು ಹುಡುಕುತ್ತ ಕೂತಿದ್ದಳು.

“ಐದು,” ಎಂದ ತಳವಾರ. “ನಾಲ್ಕು ಬಂದರೆ ಪ್ಲೇಗು ಇಲ್ಲ ಅಂತಲ್ಲ. ಐದು ಬಂದರೆ ಇದೆ ಅಂತಲೂ ಅಲ್ಲ. ಐದಾದರೆ ಹೊರಡುವುದು, ಅಷ್ಟೇ. ಇಪ್ಪತ್ತು ವರ್ಷಕ್ಕೊಂದು ಸಲ ಬರೀ ಆಕಸ್ಮಿಕ ನಮ್ಮನ್ನು ಚಳಿಯಲ್ಲಿ ನಡುಗಿಸಿದರೆ ನಡುಗೋಣ.”

ಹಿರಿಯಜ್ಜಿ ಅವನನ್ನು ಬಹಳ ಹೊತ್ತು ನೋಡಿದಳು. ಆ ಒಂದು ಸಲ ಯಾರ ಮನೆಯವರು ನಡುಗುತ್ತಾರೋ ಎಂದಳು. ತಳವಾರ ಮಗಳನ್ನು ಹತ್ತಿರಕ್ಕೆ ಎಳೆದುಕೊಂಡ. ಐದು ಎಂದೇ ನಿಶ್ಚಯವಾಯಿತು.

ವರ್ಷಗಳು ಹೋದವು. ಎರಡು ಬಂತು, ಒಂದು ಬಂತು, ಮೂರು ಬಂತು. ಒಂದು ವರ್ಷ ನಾಲ್ಕು ಬಂತು. ಆ ಚಳಿಗಾಲವೆಲ್ಲ ಜನ ದಿನಾ ಕಂಕುಳು ಮುಟ್ಟಿ ನೋಡಿಕೊಂಡು ಮಲಗಿದರು, ಮುಟ್ಟಿ ನೋಡಿಕೊಂಡು ಎದ್ದರು. ಏನೂ ಆಗಲಿಲ್ಲ. ಗೆರೆ ಇದ್ದಲ್ಲೇ ಇತ್ತು.

ಹೊನ್ನಿ ಬೆಳೆದಳು. ತಾಯಿಯಿಲ್ಲದ ಮಗಳು ಕಣ್ಣೆದುರಿಗೇ ಇರಲಿ ಎಂದು ತಳವಾರ ಅದೇ ಊರಿನ ಕೆಳಗಿನ ಕೇರಿಗೆ ಕೊಟ್ಟ. ಚೊಚ್ಚಲು ಹೆರಿಗೆ ತವರಿನಲ್ಲೇ ಆಗಬೇಕಲ್ಲ, ಬಸುರು ತುಂಬುತ್ತಿದ್ದಂತೆ ಕರೆದುಕೊಂಡು ಬಂದ. ಕೋಣೆಯ ಗೋಡೆಗೆ ಮಣ್ಣು ಮೆತ್ತಿದ. ಗಾಳಿ ಬರುವ ತೂತುಗಳಿಗೆಲ್ಲ ಹಳೆಯ ಬಟ್ಟೆ ತುರುಕಿದ. ಸೌದೆ ಒಟ್ಟಿದ, ಕಂಬಳಿ ಒಗೆದು ಒಣಗಿಸಿದ. ಮಗಳು ನಗುತ್ತಿದ್ದಳು, ಅವನು ನಗುತ್ತಿರಲಿಲ್ಲ. ಅವಳ ಅವ್ವ ಹೋದದ್ದು ಅವನ ಕಣ್ಣಿನಿಂದ ಹೋಗಿರಲಿಲ್ಲ. ಪ್ಲೇಗಿಗಿಂತ ಅವನು ಗಾಳಿಗೆ ಹೆಚ್ಚು ಹೆದರುತ್ತಿದ್ದ.

ಆ ವರ್ಷ ಇಲಿ ನೋಡುವ ದಿನ ಬಂತು. ಹೊನ್ನಿಗೆ ಬೆಳಗಿನಿಂದಲೇ ನಡು ನೋಯುತ್ತಿತ್ತು. ಇವತ್ತೋ ನಾಳೆಯೋ ಎಂದು ಸೂಲಗಿತ್ತಿ ಹೇಳಿ ಹೋಗಿದ್ದಳು. ತಳವಾರ ಚಾವಡಿಗೆ ಹೋಗಿ, ಊರೆಲ್ಲ ನೋಡುತ್ತಿದ್ದಂತೆ ಕಣ್ಣು ಮುಚ್ಚಿ ಇಪ್ಪತ್ತು ಬಿಲ್ಲೆ ತೆಗೆದ. ಜನ ಚಾವಡಿಯಲ್ಲೇ ಕೂತರು. ಅವನು ಹೊರಟ.

ಮೊದಲ ಕೆಲವು ಮನೆ ಚೊಕ್ಕಟವಾಗಿದ್ದವು. ನೇಕಾರನ ಅಟ್ಟದಲ್ಲಿ ಒಂದು ಸಿಕ್ಕಿತು. ಒಂದು ಇರಲೇಬೇಕಲ್ಲ ಎಂದುಕೊಂಡ. ಗಾಣದವನ ಮನೆಯಲ್ಲಿ ಇನ್ನೊಂದು ಸಿಕ್ಕಿತು. ಎರಡು ತಾನೇ, ಎಲ್ಲ ವರ್ಷವೂ ಎರಡು ಎಂದುಕೊಂಡ. ವರ್ತಕನ ಕಣಜದ ಸಂದಿಯಲ್ಲಿ ಮೂರನೆಯದು ಕಂಡಾಗ ಕೈಯಲ್ಲಿ ಉಳಿದ ಬಿಲ್ಲೆಗಳನ್ನು ಎಣಿಸಿಕೊಂಡ. ನಾಲ್ಕನೆಯದು ಪಟೇಲನ ಕೊಟ್ಟಿಗೆಯ ಅಟ್ಟದಲ್ಲಿ. ಅಲ್ಲಿ ಅವನು ಏಣಿಯ ಮೇಲೆ ಸ್ವಲ್ಪ ಹೊತ್ತು ಹಾಗೇ ನಿಂತ. ಕೆಳಗೆ ಪಟೇಲನ ಮನೆಯವರು ಅವನ ಮುಖವನ್ನೇ ನೋಡುತ್ತಿದ್ದರು. ಅವನು ಇಳಿದು ಮುಂದಿನ ಮನೆಗೆ ಹೋದ.

ಇನ್ನು ಮೂರು ಮನೆ ಉಳಿದಿದ್ದವು. ಒಂದು ಹತ್ತಿದ, ಇಲ್ಲ. ಎರಡು ಹತ್ತಿದ, ಇಲ್ಲ. ಎದೆ ಹಗುರಾಯಿತು. ಕೊನೆಯ ಬಿಲ್ಲೆ ಹಿರಿಯಜ್ಜಿಯದು. ಅವಳಿಗೀಗ ಕಣ್ಣು ಹೋಗಿತ್ತು, ಒಲೆಯ ಪಕ್ಕ ಮುದುಡಿ ಕೂತಿದ್ದಳು. ಅವಳ ಮನೆಯಲ್ಲಿ ಇಲಿಗೆ ತಿನ್ನುವುದಕ್ಕಾದರೂ ಏನಿದೆ ಎಂದುಕೊಳ್ಳುತ್ತ ಅಟ್ಟ ಹತ್ತಿದ.

ರಾಗಿಯ ಮಡಕೆಯ ಹಿಂದೆ ಅದು ಬಿದ್ದಿತ್ತು. ಬಾಲ ಹಿಡಿದು ಎತ್ತಿದ. ಮೈ ಇನ್ನೂ ಸೆಟೆದಿರಲಿಲ್ಲ.

ಬೆಕ್ಕಿನ ಹಲ್ಲಿನ ಗುರುತು ಎಲ್ಲಾದರೂ ಇದೆಯೇ ಎಂದು ತಿರುಗಿಸಿ ತಿರುಗಿಸಿ ನೋಡಿದ. ಇರಲಿಲ್ಲ. ಬೆಳಕಿಗೆ ಹಿಡಿದು ಇನ್ನೊಂದು ಸಲ ನೋಡಿದ. ತನ್ನ ಹೆಬ್ಬೆರಳಿನ ಉಗುರು ಇಲಿಯ ಕುತ್ತಿಗೆಯ ಮೇಲೆ ಬಂದು ಕೂತದ್ದು ಅವನಿಗೇ ಆಮೇಲೆ ಗೊತ್ತಾಯಿತು. ಒಂದಿಷ್ಟು ಒತ್ತಿದರೆ ಸಾಕು, ಹಲ್ಲು ತಾಗಿದ ಹಾಗೆಯೇ ಕಾಣುತ್ತದೆ. ನೋಡುವವರು ಯಾರೂ ಇಲ್ಲ.

“ಏನಾದ್ರೂ ಸಿಕ್ತಾ ಮಗಾ?” ಎಂದು ಕೆಳಗಿನಿಂದ ಹಿರಿಯಜ್ಜಿ ಕೇಳಿದಳು.

“ನೋಡ್ತಾ ಇದೀನಿ ಅಜ್ಜಿ,” ಎಂದ.

ಉಗುರು ತೆಗೆದ. ಇಲಿಯನ್ನು ಕಂಬಳಿಯ ಚುಂಗಿನಲ್ಲಿ ಕಟ್ಟಿಕೊಂಡು ಇಳಿದು ಬೀದಿಗೆ ಬಂದ. ಚಾವಡಿಗೆ ಹೋಗಬೇಕಿತ್ತು, ಕಾಲು ಆ ಕಡೆಗೆ ಹೋಗಲಿಲ್ಲ. ಇಪ್ಪತ್ತೇ ಯಾಕೆ, ಇನ್ನು ನಾಲ್ಕಾರು ಮನೆ ನೋಡಿದರೆ ಊರಿನ ನಿಜಸ್ಥಿತಿ ಇನ್ನೂ ಚೆನ್ನಾಗಿ ತಿಳಿಯುತ್ತದಲ್ಲ ಎಂದು ಅವನ ಮನಸ್ಸು ಹೇಳಿತು. ನೋಡಪ್ಪ, ಹೆದರಿದ ಮನಸ್ಸು ಎಷ್ಟು ಒಳ್ಳೆಯ ಮಾತಾಡುತ್ತದೆ. ಬಿಲ್ಲೆ ಬಾರದ ಪಕ್ಕದ ಮನೆಗೆ ಹೋಗಿ ಅಟ್ಟ ಹತ್ತಿದ. ಇಲಿ ಇರಲಿಲ್ಲ. ಅದರಾಚೆಯದು ಹತ್ತಿದ. ಅಲ್ಲೂ ಇರಲಿಲ್ಲ. ಅವನಿಗೆ ಹೋದ ಜೀವ ಬಂದ ಹಾಗಾಯಿತು. ಐದು ನಿಜ, ಆದರೆ ಇಪ್ಪತ್ತೆರಡಕ್ಕೆ ಐದು, ನಾಳೆ ಮೂವತ್ತಕ್ಕೆ ಐದು ಎಂದಾದರೆ ಯಾರು ಹೊರಡುತ್ತಾರೆ? ಮಗಳು ಬೆಚ್ಚಗಿನ ಕೋಣೆಯಲ್ಲಿ ಹೆರುತ್ತಾಳೆ. ಹೀಗೆಂದುಕೊಂಡು ಮೂರನೆಯ ಮನೆಯ ಏಣಿಗೆ ಕಾಲಿಟ್ಟ.

ಅಲ್ಲಿ ನಿಂತ. ಈ ಅಟ್ಟದಲ್ಲಿ ಇಲಿ ಸಿಕ್ಕಿದರೆ ಏನು ಮಾಡುತ್ತೀಯ ಎಂದು ತನ್ನನ್ನೇ ಕೇಳಿಕೊಂಡ. ಉತ್ತರ ಹುಡುಕಬೇಕಾಗಿರಲಿಲ್ಲ. ಇದು ಬಿಲ್ಲೆ ಬಂದ ಮನೆಯಲ್ಲ, ಇದು ಲೆಕ್ಕಕ್ಕಿಲ್ಲ ಎನ್ನುತ್ತಿದ್ದ. ಇಲ್ಲದಿದ್ದರೆ ಲೆಕ್ಕಕ್ಕುಂಟು, ಇದ್ದರೆ ಲೆಕ್ಕಕ್ಕಿಲ್ಲ. ಹೀಗೆ ನೋಡುವವನು ಊರಿನ ಎಲ್ಲ ಮನೆ ಹತ್ತಿದರೂ ತನಗೆ ಬೇಕಾದದ್ದನ್ನೇ ಕಾಣುತ್ತಾನೆ. ಅಪ್ಪನ ಕಾಲದ ಹಿರಿಯರು ಇಲಿ ಸಾಯದ ವರ್ಷ ಯಾವುದಿದೆ ಎಂದಿದ್ದೂ ಹೀಗೆಯೇ ಇರಬೇಕು. ಅವರೂ ಕೆಟ್ಟವರಾಗಿರಲಿಲ್ಲ, ಅವರ ಮನೆಯಲ್ಲೂ ಯಾರೋ ಬಸುರಿ ಇದ್ದಿರಬೇಕು ಎಂದು ಅವನಿಗೆ ಆಗ ಹೊಳೆಯಿತು. ಏಣಿಯ ಮೇಲಿನ ಕಾಲನ್ನು ಕೆಳಗಿಟ್ಟ.

ಚಾವಡಿಗೆ ಹೋಗಿ ತಮಟೆ ಎತ್ತಿಕೊಂಡು ಬಾರಿಸಿದ. ಊರವರಿಗೆ ಮಾತು ಬೇಕಾಗಿರಲಿಲ್ಲ. ಹೆಂಗಸರು ಎದ್ದು ಮನೆಗೆ ಓಡಿದರು. ಮಕ್ಕಳು ಅಳತೊಡಗಿದವು.

ಮನೆಗೆ ಬಂದರೆ ಹೊನ್ನಿ ಕಂಬ ಹಿಡಿದು ನಿಂತಿದ್ದಳು, ನೋವು ಶುರುವಾಗಿತ್ತು. ತಮಟೆಯ ಸದ್ದು ಅವಳಿಗೂ ಕೇಳಿಸಿತ್ತು. ಬೇರೆ ಊರಿಗೆ ಕಳಿಸೋಣವೆಂದರೆ ಇಲಿ ಬಿದ್ದ ಊರಿನವರನ್ನು ಯಾವ ಊರೂ ಒಳಗೆ ಬಿಡುವುದಿಲ್ಲ. ಹೆತ್ತು ಬರಲಿ, ಇಲ್ಲೇ ಬಿಟ್ಟು ಹೋಗೋಣ ಎಂದು ಯಾರೋ ಹೇಳಿದರು. ನಾಲ್ಕು ಮನೆಯಾಚೆ ಸತ್ತ ಇಲಿಯನ್ನು ತನ್ನ ಕೈಯಿಂದ ಎತ್ತಿ ಬಂದವನು ಹೇಗೆ ಬಿಟ್ಟು ಹೋಗುತ್ತಾನೆ? ಅಳಿಯನೂ ಅವನೂ ಸೇರಿ ಅವಳನ್ನು ಎತ್ತಿ ಗಾಡಿಯಲ್ಲಿ ಹುಲ್ಲಿನ ಮೇಲೆ ಮಲಗಿಸಿದರು. ಇದ್ದ ಕಂಬಳಿಗಳನ್ನೆಲ್ಲ ಹೊದಿಸಿದರು. ಹೊತ್ತು ಮುಳುಗುವಾಗ ಊರು ಖಾಲಿಯಾಯಿತು. ಹಿರಿಯಜ್ಜಿಯನ್ನೂ ಹೊತ್ತು ತಂದರು, ಈ ಸಲ ಯಾರನ್ನೂ ಹಿಂದೆ ಬಿಡಲಿಲ್ಲ.

ಗುಡಿಸಲಿಗೆ ಗರಿ ಹೊದಿಸುವಷ್ಟರಲ್ಲಿ ಗಾಳಿ ಎದ್ದಿತು. ತಳವಾರ ಗುಡಿಸಲಿನ ಹೊರಗೆ, ಗಾಳಿ ಬರುವ ಕಡೆಗೆ ಬೆನ್ನು ಕೊಟ್ಟು ಕೂತ. ತನ್ನ ಬೆನ್ನು ಎಷ್ಟು ಗಾಳಿ ತಡೆದೀತು? ಒಳಗೆ ಮಗಳು ನರಳುತ್ತಿದ್ದಳು. ಇಪ್ಪತ್ತು ವರ್ಷದ ಹಿಂದೆ ಇದೇ ಬಯಲಿನಲ್ಲಿ ಕೇಳಿದ್ದ ನರಳಿಕೆಯೇ ಅದು ಎಂದು ಅವನಿಗೆ ಅನ್ನಿಸಿತು. ಕಿವಿ ಮುಚ್ಚಿಕೊಂಡ. ತೆಗೆದ. ಕೇಳದಿದ್ದರೆ ಇನ್ನೂ ಹೆದರಿಕೆಯಾಗುತ್ತಿತ್ತು.

ಬೆಳಗಾಗುವ ಮೊದಲು ಗಂಡು ಕೂಸು ಹುಟ್ಟಿತು. ಅತ್ತಿತು. ಸೂಲಗಿತ್ತಿ ಅದನ್ನು ಬಟ್ಟೆಯಲ್ಲಿ ಸುತ್ತಿ ಕೆಂಡದ ಹತ್ತಿರ ಹಿಡಿದುಕೊಂಡಳು. ಹಸಿ ಸೌದೆ, ಕೆಂಡ ನಿಲ್ಲಲಿಲ್ಲ. ಬಿಸಿಲು ಬರುವ ಹೊತ್ತಿಗೆ ಕೂಸು ತಣ್ಣಗಾಗಿತ್ತು. ತಾಯಿ ಉಳಿದಳು.

ಹೊನ್ನಿ ಬಹಳ ದಿನ ಅಪ್ಪನ ಹತ್ತಿರ ಮಾತಾಡಲಿಲ್ಲ. ಅವನು ಗಂಜಿ ತಂದಿಟ್ಟರೆ ಕುಡಿಯುತ್ತಿದ್ದಳು, ಕಂಬಳಿ ಹೊದಿಸಿದರೆ ಹೊದಿಸಿಕೊಳ್ಳುತ್ತಿದ್ದಳು. ಒಂದು ಮಧ್ಯಾಹ್ನ ಗುಡಿಸಲಿನ ಮುಂದೆ ಬಿಸಿಲು ಕಾಯುತ್ತ ಕೂತಾಗ ಅವಳೇ ಕೇಳಿದಳು.

“ಅಪ್ಪಾ, ಊರಿಗೆ ಪ್ಲೇಗು ಬಂದಿತ್ತಾ?”

“ಗೊತ್ತಿಲ್ಲ ಕಣವ್ವ.”

“ಗೊತ್ತಿಲ್ಲದೇನೇ ನನ್ನ ಎಬ್ಬಿಸಿಕೊಂಡು ಬಂದ್ಯಾ?”

“ಹೂಂ,” ಎಂದ ತಳವಾರ. ಅವಳು ಆಚೆಗೆ ಮುಖ ತಿರುಗಿಸಿದಳು. ಅವನು ಅಲ್ಲಿಂದ ಏಳಲೂ ಇಲ್ಲ, ಸಮಾಧಾನ ಹೇಳಲೂ ಇಲ್ಲ. ಏನು ಹೇಳಿದರೂ ಅದು ತನ್ನನ್ನು ತಾನು ಉಳಿಸಿಕೊಳ್ಳುವ ಮಾತಾಗುತ್ತದೆ ಎಂದು ಅವನಿಗೆ ಗೊತ್ತಿತ್ತು.

ಬೇಸಿಗೆ ಬಂದು ಬಿಸಿಲು ಬಲಿತ ಮೇಲೆ ಊರವರು ಹಿಂದಿರುಗಿದರು. ಬಾಗಿಲು ತೆಗೆದು ಎಲ್ಲರೂ ಮೊದಲು ನೋಡಿದ್ದು ಮೂಲೆಗಳನ್ನು. ಸತ್ತ ಇಲಿ ಇರಲಿಲ್ಲ, ಬದುಕಿದ ಇಲಿಯೂ ಕಾಣಲಿಲ್ಲ. ಜನವಿಲ್ಲದ ಊರಲ್ಲಿ ನಾಯಿ ನರಿ ಓಡಾಡಿ ಎಲ್ಲವನ್ನೂ ಎಳೆದು ತಿಂದಿದ್ದವು. ಆಚೆ ಊರಲ್ಲಿ ಇಬ್ಬರು ಜ್ವರ ಬಂದು ಹೋದರೆಂದು ಸುದ್ದಿ ಇತ್ತು. ಚಳಿಗಾಲದ ಜ್ವರಕ್ಕೆ ಯಾವ ಊರು ಹೊರತು? ಪ್ಲೇಗು ಬಂದು, ಯಾರೂ ಸಿಗದೆ, ಹಾಗೇ ಹೋಯಿತೋ, ಬರಲೇ ಇಲ್ಲವೋ, ಹೇಳುವ ಒಂದು ಗುರುತೂ ಉಳಿದಿರಲಿಲ್ಲ. ಕೆಲವರು ತಳವಾರ ಊರು ಉಳಿಸಿದ ಎಂದರು. ಕೆಲವರು ಅವನು ಮೊಮ್ಮಗನನ್ನು ಕೊಂದುಕೊಂಡ ಎಂದರು. ಎರಡನ್ನೂ ಅವನು ಕೇಳಿಸಿಕೊಂಡ.

ಮುಂದಿನ ಚಳಿಗೆ ಮುಂಚೆ ಚಾವಡಿಯಲ್ಲಿ ಮತ್ತೆ ಜನ ಸೇರಿತು. ತಳವಾರನ ಮೇಲಿನ ಮರುಕದಿಂದ ಪಟೇಲನೇ ಮಾತು ತೆಗೆದ. ಐದಕ್ಕೆ ಹೊರಟು ಒಂದು ಕೂಸು ಹೋಯಿತು, ಗೆರೆಯನ್ನು ಆರಕ್ಕೋ ಏಳಕ್ಕೋ ಸರಿಸೋಣ ಎಂದ. ಹಲವರು ಹೌದೆಂದು ತಲೆಯಾಡಿಸಿದರು. ತಳವಾರ ತಲೆ ತಗ್ಗಿಸಿ ಕೂತಿದ್ದ. ಐದು ಎಂದು ಇನ್ನೊಂದು ಸಲ ಹೇಳುವ ಶಕ್ತಿ ಅವನಿಗಿರಲಿಲ್ಲ, ಆರು ಎನ್ನುವ ಧೈರ್ಯವೂ ಇರಲಿಲ್ಲ.

ಚಾವಡಿಯ ಹೊರಗೆ ಹೆಂಗಸರ ನಡುವೆ ಹೊನ್ನಿ ನಿಂತಿದ್ದಳು. ಅವಳು ಮತ್ತೆ ಬಸುರಿ. ಈ ಚಳಿಯಲ್ಲೇ ಅವಳ ದಿನ ತುಂಬುವುದಿತ್ತು. ಅದು ಅಲ್ಲಿದ್ದ ಎಲ್ಲರಿಗೂ ಗೊತ್ತಿತ್ತು. ಅವಳು ಸೆರಗು ಹೊದ್ದು ಮುಂದೆ ಬಂದಳು.

“ನನ್ನ ಕೂಸು ಹೋಯ್ತು ಅಂತ ಆ ಕಡೆ ಸರಿಸ್ತೀರಿ. ನಾಳೆ ಪ್ಲೇಗಿಗೆ ಇನ್ನೊಬ್ಬರ ಕೂಸು ಹೋದರೆ ಈ ಕಡೆ ಸರಿಸ್ತೀರಿ. ಹಾಗೆ ಸರಿಸೋದಾದರೆ ಗೆರೆ ಯಾಕೆ? ಐದೇ ಇರಲಿ,” ಎಂದಳು. ಒಂದು ಕೈ ಹೊಟ್ಟೆಯ ಮೇಲಿತ್ತು.

ತಳವಾರ ಮಗಳ ಮುಖವನ್ನು ನೋಡಲಾರದೆ ನೆಲ ನೋಡುತ್ತ ಅತ್ತ. ಐದು ಎಂದೇ ಉಳಿಯಿತು.

ಇಷ್ಟಕ್ಕೆ ಗುರುಗಳು ಕತೆ ಮುಗಿಸಿದರು. ಶಿಷ್ಯ ತಡೆಯಲಾರದೆ ಹತ್ತಿರ ಸರಿದು ಕೂತ.

“ಗುರುಗಳೇ, ನಿಮಗಾದರೂ ಗೊತ್ತಿರಬೇಕು. ಆ ವರ್ಷ ಊರಿಗೆ ಪ್ಲೇಗು ಬಂದಿತ್ತೋ, ಇಲ್ಲವೋ? ಅದು ತಿಳಿಯದೆ ತಳವಾರ ಮಾಡಿದ್ದು ಸರಿಯೋ ತಪ್ಪೋ ಎಂದು ಹೇಗೆ ಹೇಳುವುದು?”

“ತಿಳಿದ ಮೇಲೆ ಹೊರಡೋಣ ಎಂದು ಕಾದ ಊರುಗಳೂ ಇವೆ ಮಗು, ಹೋಗಿ ಕೇಳು, ಹೇಳುವುದಕ್ಕೆ ಅಲ್ಲಿ ಒಬ್ಬರೂ ಇಲ್ಲ,” ಎಂದರು ಗುರುಗಳು.